ಒಂದೇ ದರಪಟ್ಟಿ, ಹಲವು ಪರದೆಗಳು: ಆಂಡ್ರಾಯ್ಡ್ ಆ್ಯಪ್ ಅನ್ನು ಎಲ್ಲ ಗಾತ್ರ ಮತ್ತು ಸಾಂದ್ರತೆಗಳಿಗೆ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ಧಾಪುರ, ಯಲ್ಲಾಪುರ ಮತ್ತು ಕುಮಟಾ ಮಾರುಕಟ್ಟೆಗಳ ಅಡಿಕೆ ದರವನ್ನು ತೋರಿಸುವ ಸಣ್ಣ ಆ್ಯಪ್ ಒಂದನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಮೊದಲ ಆವೃತ್ತಿಯನ್ನು ಊರಿನವರ ಫೋನುಗಳಿಗೆ ಹಾಕಿಕೊಟ್ಟ ವಾರದಲ್ಲೇ ದೊಡ್ಡಪ್ಪ ಕರೆ ಮಾಡಿ, "ತಮಾ, ಚಾಲಿ ದರ ಅರ್ಧನೇ ಕಾಣ್ತಲ, ಉಳದಿದ್ದು ಎಲ್ಲಿ ಹೋತು?" ಎಂದು ಕೇಳಿದರು. ಚಾಲಿ ಎಂದರೆ ಅಡಿಕೆಯ ಒಂದು ಬಗೆ. ಹೋಗಿ ನೋಡಿದರೆ ಐದಂಕಿಯ ದರದಲ್ಲಿ ಮೊದಲ ಮೂರು ಅಂಕಿಗಳಷ್ಟೇ ಇದ್ದು, ಅವುಗಳ ಮುಂದೆ ಮೂರು ಚುಕ್ಕೆಗಳು ಬಿದ್ದಿದ್ದವು. ನನ್ನ ಫೋನಿನಲ್ಲಿ ಅದೇ ಪುಟ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಅವರ ಫೋನು ಹಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕಣ್ಣಿಗೆ ಅನುಕೂಲವಾಗಲೆಂದು ಅವರು ಅಕ್ಷರದ ಗಾತ್ರವನ್ನು ಹೆಚ್ಚಿಸಿಕೊಂಡಿದ್ದರು, ಅಷ್ಟೇ.

ಆ ದಿನದಿಂದ ಈ ವಿಷಯದಲ್ಲಿ ನಾನು ಹಿಡಿದಿರುವ ದಾರಿ ಒಂದೇ. ಫೋನಿನ ಮಾದರಿ ಯಾವುದು, ಪರದೆ ಎಷ್ಟು ಇಂಚು ಎಂದು ಕೇಳಿಕೊಂಡು ವಿನ್ಯಾಸ ಮಾಡಬಾರದು. ಆ ಕ್ಷಣದಲ್ಲಿ ನಮ್ಮ ಆ್ಯಪ್‌ಗೆ ಎಷ್ಟು ಜಾಗ ಸಿಕ್ಕಿದೆ ಮತ್ತು ಓದುವವರಿಗೆ ಎಷ್ಟು ದೊಡ್ಡ ಅಕ್ಷರ ಬೇಕಾಗಿದೆ ಎಂಬ ಎರಡು ಪ್ರಶ್ನೆಗಳಿಂದ ಹೊರಡಬೇಕು. ಕನ್ನಡದಲ್ಲಿ ಆ್ಯಪ್ ಮಾಡುವವರು ಎರಡನೆಯ ಪ್ರಶ್ನೆಗೆ ಇನ್ನೂ ಹೆಚ್ಚು ಗಮನ ಕೊಡಬೇಕಾಗುತ್ತದೆ, ಏಕೆಂದರೆ ಚಿತ್ರ, ಗುಂಡಿ, ಅಂಚು ಎಲ್ಲಕ್ಕಿಂತ ಮೊದಲು ಕೆಡುವುದು ನಮ್ಮ ಅಕ್ಷರವೇ. ಕೆಳಗಿನ ಹೆಜ್ಜೆಗಳನ್ನು ದರಪಟ್ಟಿಯ ಆ ಪುಟವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಮೊದಲ ಹೆಜ್ಜೆ: ಪಿಕ್ಸೆಲ್ ಬಿಟ್ಟು ಡಿಪಿಯಲ್ಲಿ ಅಳೆಯುವುದು

ಪರದೆಯ ಗಾತ್ರ ಬೇರೆ, ಅದರಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆ ಬೇರೆ, ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಕೂತಿವೆ ಎಂಬ ಸಾಂದ್ರತೆ ಬೇರೆ. ಒಂದೇ ಕೈಯಳತೆಯ ಎರಡು ಫೋನುಗಳಲ್ಲಿ ಒಂದರ ಅಗಲ 720 ಪಿಕ್ಸೆಲ್ ಇದ್ದರೆ ಇನ್ನೊಂದರದು 1080 ಇರಬಹುದು. ಆದ್ದರಿಂದ ಗುಂಡಿಯ ಅಗಲವನ್ನು 300 ಪಿಕ್ಸೆಲ್ ಎಂದು ಬರೆದರೆ ಒಂದರಲ್ಲಿ ಅದು ದೊಡ್ಡದಾಗಿಯೂ ಇನ್ನೊಂದರಲ್ಲಿ ಚಿಕ್ಕದಾಗಿಯೂ ಕಾಣುತ್ತದೆ. ಇದಕ್ಕೆ ಆಂಡ್ರಾಯ್ಡ್ ಕೊಟ್ಟಿರುವ ಪರಿಹಾರವೇ ಡಿಪಿ ಎಂಬ ಅಳತೆ. 160 ಡಿಪಿಐ, ಅಂದರೆ ಇಂಚಿಗೆ 160 ಪಿಕ್ಸೆಲ್, ಸಾಂದ್ರತೆಯ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಪಿಕ್ಸೆಲ್. ಉಳಿದ ಪರದೆಗಳಲ್ಲಿ ಡಿಪಿಯನ್ನು ಸಾಂದ್ರತೆಯಿಂದ ಗುಣಿಸಿ 160ರಿಂದ ಭಾಗಿಸಿದರೆ ಪಿಕ್ಸೆಲ್ ಸಿಗುತ್ತದೆ. 160 ಎಂಬ ಈ ಮೂಲ ಅಳತೆ ಬಂದದ್ದು 2008ರಲ್ಲಿ ಹೊರಬಂದ ಮೊದಲ ಆಂಡ್ರಾಯ್ಡ್ ಫೋನಿನಿಂದ. ಅದರ ಪರದೆಯಲ್ಲಿ 320 ಅಡ್ಡ, 480 ಉದ್ದ ಪಿಕ್ಸೆಲ್‌ಗಳಿದ್ದವು. ಬೇರೆ ಬೇರೆ ಗಾತ್ರದ ಪರದೆಗಳಿಗೆ ಬೆಂಬಲ ಸೇರಿದ್ದು ಮರುವರ್ಷದ 1.6 ಆವೃತ್ತಿಯಲ್ಲಿ.

ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. 720 ಪಿಕ್ಸೆಲ್ ಅಗಲದ, 320 ಸಾಂದ್ರತೆಯ ಫೋನಿನಲ್ಲಿ ಆ್ಯಪ್‌ಗೆ ಸಿಗುವ ಅಗಲ 360 ಡಿಪಿ. 1080 ಪಿಕ್ಸೆಲ್‌ನ, 480 ಸಾಂದ್ರತೆಯ ಫೋನಿನಲ್ಲಿಯೂ ಸಿಗುವುದು ಅದೇ 360 ಡಿಪಿ. ಆದರೆ 1080 ಪಿಕ್ಸೆಲ್ ಇದ್ದೂ ಸಾಂದ್ರತೆಯನ್ನು 420 ಎಂದು ಹೇಳಿಕೊಳ್ಳುವ ಫೋನಿನಲ್ಲಿ 411 ಡಿಪಿ, 440 ಎಂದು ಹೇಳಿಕೊಳ್ಳುವುದರಲ್ಲಿ ಸುಮಾರು 393 ಡಿಪಿ ಸಿಗುತ್ತದೆ. ಅಂದರೆ ಪಿಕ್ಸೆಲ್ ಹೆಚ್ಚಾದ ಮಾತ್ರಕ್ಕೆ ಜಾಗ ಹೆಚ್ಚಾಗುವುದಿಲ್ಲ. ಲೇಔಟ್, ಅಂದರೆ ಪುಟದ ಜೋಡಣೆ, ಬರೆಯುವಾಗ ಪಿಕ್ಸೆಲ್ ಸಂಖ್ಯೆಯನ್ನು ಎಲ್ಲಿಯೂ ಬಳಸದಿರುವುದು ಮತ್ತು ಹಳೆಯ ಕೋಡ್‌ನಲ್ಲಿ ಪಿಕ್ಸೆಲ್ ಅಳತೆಗಳಿದ್ದರೆ ಹುಡುಕಿ ಬದಲಿಸುವುದು ಈ ಹೆಜ್ಜೆಯ ಕೆಲಸ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಆಂಡ್ರಾಯ್ಡ್ 7ರಿಂದ ಈಚೆಗೆ ಸೆಟ್ಟಿಂಗ್ಸ್‌ನಲ್ಲಿ 'ಡಿಸ್‌ಪ್ಲೇ ಗಾತ್ರ' ಎಂಬ ಆಯ್ಕೆ ಬಂದಿದೆ. ಬಳಕೆದಾರರು ಅದನ್ನು ಹೆಚ್ಚಿಸಿದಾಗ ಫೋನು ತನ್ನ ಸಾಂದ್ರತೆಯನ್ನೇ ಬೇರೆಯಾಗಿ ಹೇಳತೊಡಗುತ್ತದೆ. 320 ಇದ್ದದ್ದು 360 ಆದರೆ 720 ಪಿಕ್ಸೆಲ್‌ನ ಅದೇ ಪರದೆಯಲ್ಲಿ ಈಗ ಸಿಗುವುದು 320 ಡಿಪಿ ಮಾತ್ರ. ಈ ಆಯ್ಕೆಯಿಂದ ಅಗಲ 320 ಡಿಪಿಗಿಂತ ಕೆಳಗಿಳಿಯದಂತೆ ವ್ಯವಸ್ಥೆಯೇ ನೋಡಿಕೊಳ್ಳುತ್ತದೆಯಾದ್ದರಿಂದ, 320 ಡಿಪಿಯನ್ನು ನಮ್ಮ ಅತಿ ಇಕ್ಕಟ್ಟಿನ ಪರದೆ ಎಂದು ಇಟ್ಟುಕೊಂಡು ಪ್ರತಿ ಪುಟವನ್ನೂ ಅದರಲ್ಲಿ ಪರೀಕ್ಷಿಸಬಹುದು.

ಎರಡನೆಯ ಹೆಜ್ಜೆ: ಕನ್ನಡ ಅಕ್ಷರಕ್ಕೆ ಜಾಗ ಬಿಡುವುದು

ಅಕ್ಷರದ ಗಾತ್ರವನ್ನು ಯಾವಾಗಲೂ ಎಸ್‌ಪಿಯಲ್ಲಿ ಬರೆಯಬೇಕು. ಎಸ್‌ಪಿ ಎಂದರೆ ಬಳಕೆದಾರರು ಆಯ್ದುಕೊಂಡ ಅಕ್ಷರ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಡಿಪಿ. ದೊಡ್ಡಪ್ಪನ ಫೋನಿನಲ್ಲಿ ಚುಕ್ಕೆಗಳು ಬಿದ್ದಾಗ ನನಗೆ ಮೊದಲು ಹೊಳೆದ ಉಪಾಯ ದರದ ಅಕ್ಷರಗಳನ್ನು ಡಿಪಿಗೆ ಬದಲಿಸುವುದು. ಹಾಗೆ ಮಾಡಿದ್ದರೆ ಚುಕ್ಕೆಗಳು ಹೋಗುತ್ತಿದ್ದವು. ಆದರೆ ದೊಡ್ಡ ಅಕ್ಷರ ಬೇಕೆಂದು ಅವರು ಫೋನಿಗೆ ಹೇಳಿದ ಮಾತನ್ನು ನನ್ನ ಆ್ಯಪ್ ಮಾತ್ರ ಕೇಳದೆ ಬಿಟ್ಟಂತಾಗುತ್ತಿತ್ತು. ಇದು ಎಷ್ಟೋ ಆ್ಯಪ್‌ಗಳಲ್ಲಿ ಕಾಣುವ ಅಡ್ಡದಾರಿ, ದಯವಿಟ್ಟು ಅದನ್ನು ಹಿಡಿಯಬೇಡಿ.

ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು ಶೇಕಡಾ 200ರವರೆಗೆ ಹಿಗ್ಗಿಸಲು ಸಾಧ್ಯವಿದೆ. ಅಲ್ಲಿ ಹಿಗ್ಗುವಿಕೆ ಎಲ್ಲ ಗಾತ್ರಗಳಿಗೂ ಒಂದೇ ಸಮನಾಗಿಲ್ಲ: ಚಿಕ್ಕ ಅಕ್ಷರಗಳು ಹೆಚ್ಚು ಹಿಗ್ಗುತ್ತವೆ, ಮೊದಲೇ ದೊಡ್ಡದಾಗಿರುವ ಶೀರ್ಷಿಕೆಗಳು ಅಷ್ಟಾಗಿ ಹಿಗ್ಗುವುದಿಲ್ಲ. ಆದ್ದರಿಂದ ಎಸ್‌ಪಿಯನ್ನು ಪ್ರಮಾಣದಿಂದ ಗುಣಿಸಿ ಪಿಕ್ಸೆಲ್ ಮಾಡುವ ಹಳೆಯ ಸೂತ್ರವನ್ನು ಕೈಯಾರೆ ಬರೆದಿದ್ದರೆ ತೆಗೆದುಹಾಕಿ, ಆ ಪರಿವರ್ತನೆಯನ್ನು ವ್ಯವಸ್ಥೆಯ ಲೈಬ್ರರಿಗೇ ಬಿಡಬೇಕು. ಸಾಲಿನ ಎತ್ತರವನ್ನೂ ಎಸ್‌ಪಿಯಲ್ಲೇ ಕೊಡಬೇಕು. ಇಲ್ಲವಾದರೆ ಅಕ್ಷರ ಬೆಳೆದು ಸಾಲು ಬೆಳೆಯದೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಒತ್ತಕ್ಷರದ ವಿಷಯ ನಮ್ಮ ಭಾಷೆಗೇ ಸೇರಿದ್ದು. 'ಯಲ್ಲಾಪುರ', 'ಸಿದ್ಧಾಪುರ', 'ಮಾರುಕಟ್ಟೆ' ಎಂಬ ಪದಗಳನ್ನು ನೋಡಿ. ಒಂದೊಂದರಲ್ಲೂ ಅಕ್ಷರದ ಅಡಿಯಲ್ಲಿ ಇನ್ನೊಂದು ಅಕ್ಷರ ಕೂತಿದೆ. 'ರಾಷ್ಟ್ರ' ಎಂದು ಬರೆದರೆ ಅಡಿಯಲ್ಲಿ ಎರಡು ಕೂರುತ್ತವೆ. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಲಿನ ಎತ್ತರವನ್ನು ನಿಗದಿ ಮಾಡಿದ ಪೆಟ್ಟಿಗೆಯಲ್ಲಿ ಈ ಪದಗಳನ್ನು ಹಾಕಿದಾಗ ಕೆಳಗಿನ ಭಾಗ ಕತ್ತರಿಸಿಹೋಗುತ್ತದೆ. ನನ್ನ ಮೊದಲ ಆವೃತ್ತಿಯಲ್ಲಿ ಪ್ರತಿ ಸಾಲಿನ ಎತ್ತರ ನಿಖರವಾಗಿ 40 ಡಿಪಿ ಇತ್ತು. ಅಕ್ಷರ ಹಿಗ್ಗಿಸಿದಾಗ 'ಯಲ್ಲಾಪುರ'ದ ಲಕಾರದ ಒತ್ತು ಅರ್ಧಕ್ಕೆ ತುಂಡಾಗಿ, ಊರಿನ ಹೆಸರೇ ಬೇರೆಯಾದಂತೆ ಕಾಣುತ್ತಿತ್ತು.

ಪರಿಹಾರ ಸರಳವಾಗಿದೆ. ಅಕ್ಷರ ಇರುವ ಯಾವ ಪೆಟ್ಟಿಗೆಗೂ ಸ್ಥಿರ ಎತ್ತರ ಕೊಡಬೇಡಿ, ಕನಿಷ್ಠ ಎತ್ತರವನ್ನು ಮಾತ್ರ ಕೊಡಿ. ಪುಟಗಳನ್ನು ಕೋಡ್‌ನಲ್ಲೇ ಕಟ್ಟುವ ಆಂಡ್ರಾಯ್ಡ್‌ನ ಹೊಸ ಸಾಧನವಾದ ಕಂಪೋಸ್ ಬಳಸುವವರು 'ಹೈಟ್' ಬದಲು 'ಹೈಟ್‌ಇನ್' ಬರೆದು ಅದರ ಕನಿಷ್ಠವನ್ನು 48 ಡಿಪಿ ಎಂದಿಟ್ಟರೆ ಸಾಕು. ಪುಟದ ಜೋಡಣೆಯನ್ನು ಬೇರೆ ಕಡತದಲ್ಲಿ ಬರೆಯುವ ಹಳೆಯ ಎಕ್ಸ್‌ಎಂಎಲ್ ಲೇಔಟ್ ಬಳಸುವವರು ಎತ್ತರವನ್ನು 'ರ‍್ಯಾಪ್ ಕಂಟೆಂಟ್' ಮಾಡಿ 'ಮಿನ್‌ಹೈಟ್' ಕೊಡಬೇಕು. ಸಾಲಿನ ಎತ್ತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಿನ ಆಸುಪಾಸಿನಲ್ಲಿ ಇಟ್ಟರೆ ಕನ್ನಡ ಹಾಯಾಗಿ ಓದಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ಅಕ್ಷರಗಳ ನಡುವಿನ ಹೆಚ್ಚುವರಿ ಅಂತರವನ್ನು ನಾನು ಸೊನ್ನೆ ಮಾಡುತ್ತೇನೆ, ಏಕೆಂದರೆ ರೋಮನ್ ಅಕ್ಷರಗಳಿಗೆ ಚೆಂದವೆನಿಸುವ ಆ ಅಂತರದಿಂದ ಕನ್ನಡ ಪದ ಬಿಡಿಬಿಡಿಯಾಗಿ ಕಾಣುತ್ತದೆ.

ಇದರ ಜೊತೆಗೆ 'ಎಲಿಗೆಂಟ್ ಟೆಕ್ಸ್ಟ್ ಹೈಟ್' ಎಂಬ ಗುಣವನ್ನು ತಿಳಿದಿರಬೇಕು. ಎತ್ತರದ ಲಿಪಿಗಳನ್ನು ಇಕ್ಕಟ್ಟಾಗಿ ಕುಗ್ಗಿಸದೆ ಪೂರ್ಣ ಎತ್ತರದಲ್ಲಿ ತೋರಿಸಲು ಅದು ಇರುವುದು. ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟುಕೊಂಡ ಆ್ಯಪ್‌ಗಳಲ್ಲಿ ಇದು ತಾನಾಗಿಯೇ ಚಾಲ್ತಿಯಲ್ಲಿರುತ್ತದೆ ಮತ್ತು ಇದರಿಂದ ಬದಲಾಗುವ ಲಿಪಿಗಳಲ್ಲಿ ಕನ್ನಡವೂ ಒಂದು. ಅಂದರೆ ಹಳೆಯ ಆ್ಯಪ್ ಅನ್ನು 15ಕ್ಕೆ ಏರಿಸಿದ ದಿನ ಕನ್ನಡದ ಸಾಲುಗಳು ಮೊದಲಿಗಿಂತ ಎತ್ತರವಾಗಬಹುದು. ಸ್ಥಿರ ಎತ್ತರದ ಪೆಟ್ಟಿಗೆಗಳನ್ನು ಅಷ್ಟರೊಳಗೆ ತೆಗೆದಿದ್ದರೆ ಚಿಂತೆಯಿಲ್ಲ.

ಇನ್ನು ಚುಕ್ಕೆಗಳ ವಿಚಾರ. ಉದ್ದದ ಹೆಸರು ಹಿಡಿಸದಿದ್ದರೆ ಕೊನೆಯಲ್ಲಿ ಚುಕ್ಕೆ ಹಾಕುವುದು ಎಷ್ಟೋ ಕಡೆ ನಡೆಯುತ್ತದೆ. ಆದರೆ ದರ, ತೂಕ, ದಿನಾಂಕ, ದೂರವಾಣಿ ಸಂಖ್ಯೆಗಳಿಗೆ ಚುಕ್ಕೆ ಹಾಕಲೇಬಾರದು. ಅರ್ಧ ಕಂಡ ಹೆಸರನ್ನು ಓದುಗರು ಊಹಿಸಿಕೊಳ್ಳಬಲ್ಲರು, ಅರ್ಧ ಕಂಡ ದರವನ್ನು ನಂಬಿ ಒಬ್ಬರು ಅಡಿಕೆ ಚೀಲವನ್ನು ಮಾರುಕಟ್ಟೆಗೆ ಕಳಿಸಿಬಿಡಬಹುದು. ಅಂಕಿಗೆ ಜಾಗ ಸಾಲದಿದ್ದರೆ ಬದಲಾಗಬೇಕಾದದ್ದು ಲೇಔಟ್.

ಮೂರನೆಯ ಹೆಜ್ಜೆ: ಒಂದು ಪುಟವನ್ನು ಅಳೆದು, ಎಲ್ಲಿ ಮುರಿಯುತ್ತದೆಂದು ಕಂಡುಕೊಳ್ಳುವುದು

ದರಪಟ್ಟಿಯಲ್ಲಿ ನಾಲ್ಕು ಕಂಬಗಳಿವೆ: ಅಡಿಕೆಯ ಬಗೆ, ಕನಿಷ್ಠ, ಗರಿಷ್ಠ, ಸರಾಸರಿ. ಬಗೆಯ ಕಂಬದಲ್ಲಿ ರಾಶಿ, ಚಾಲಿ, ಬೆಟ್ಟೆ, ಕೋಕಾ, ಬಿಳಿಗೋಟು, ಕೆಂಪುಗೋಟು, ತಟ್ಟಿಬೆಟ್ಟೆ ಎಂಬ ಹೆಸರುಗಳು ಬರುತ್ತವೆ. 360 ಡಿಪಿಯ ಪರದೆಯಲ್ಲಿ ಎರಡೂ ಬದಿಗೆ 16 ಡಿಪಿಯಂತೆ ಅಂಚು ಬಿಟ್ಟರೆ ಉಳಿಯುವುದು 328. ಮೂರು ದರಗಳಿಗೆ ತಲಾ 72 ಡಿಪಿ ಕೊಟ್ಟರೆ 216 ಮುಗಿಯಿತು, ಹೆಸರಿಗೆ 112 ಸಿಕ್ಕಿತು. 16 ಎಸ್‌ಪಿಯಲ್ಲಿ ಐದಂಕಿಯ ದರ ಅದರ ಅಲ್ಪವಿರಾಮವನ್ನೂ ಸೇರಿಸಿ ಸುಮಾರು 48 ಡಿಪಿ ಅಗಲ ಹಿಡಿಯುತ್ತದೆ, ಹಾಗಾಗಿ ಸಾಮಾನ್ಯ ಅಕ್ಷರದಲ್ಲಿ ಎಲ್ಲವೂ ನೆಟ್ಟಗೆ ಕೂರುತ್ತದೆ. ಅಕ್ಷರ ಪ್ರಮಾಣ 1.3 ಆದಾಗ ದರಕ್ಕೆ 62 ಡಿಪಿ ಬೇಕಾಗಿ ಪಕ್ಕದ ದರಕ್ಕೆ ಒತ್ತಿಕೊಳ್ಳುತ್ತದೆ, 1.5 ದಾಟಿದರೆ ಕಂಬದಿಂದಲೇ ಹೊರಬೀಳುತ್ತದೆ. ಇನ್ನೊಂದು ಕಡೆಯಿಂದ, ಅಕ್ಷರ ಹಾಗೇ ಇದ್ದು ಪರದೆ 320 ಡಿಪಿಗೆ ಇಳಿದರೆ ಹೆಸರಿಗೆ ಸಿಗುವುದು 72 ಡಿಪಿ ಮಾತ್ರ. ಅದರಲ್ಲಿ 'ಕೆಂಪುಗೋಟು' ಹಿಡಿಸುವುದಿಲ್ಲ.

ಎರಡೂ ತೊಂದರೆಗಳ ಮೂಲ ಒಂದೇ ಆಗಿರುವುದರಿಂದ ಒಂದೇ ಅಳತೆಯಲ್ಲಿ ಎರಡನ್ನೂ ಹಿಡಿಯಬಹುದು. ಸಿಕ್ಕಿದ ಅಗಲವನ್ನು ಅಕ್ಷರ ಪ್ರಮಾಣದಿಂದ ಭಾಗಿಸಿ ನೋಡಿ. 360 ಡಿಪಿ, ಪ್ರಮಾಣ 1 ಆದರೆ 360. ಅದೇ ಪರದೆ, ಪ್ರಮಾಣ 1.3 ಆದರೆ ಸುಮಾರು 277. 320 ಡಿಪಿ, ಪ್ರಮಾಣ 1 ಆದರೆ 320. ನಾನು ಇಟ್ಟುಕೊಂಡಿರುವ ಗಡಿ 340. ಈ ಸಂಖ್ಯೆ ಅದಕ್ಕಿಂತ ಹೆಚ್ಚಿದ್ದರೆ ನಾಲ್ಕು ಕಂಬಗಳ ಪಟ್ಟಿ, ಕಡಿಮೆಯಾದರೆ ಕಾರ್ಡ್. ಕಾರ್ಡ್‌ನಲ್ಲಿ ಬಗೆಯ ಹೆಸರು ಮೇಲಿನ ಸಾಲಿನಲ್ಲಿ ಪೂರ್ತಿ ಅಗಲವನ್ನು ಪಡೆಯುತ್ತದೆ, ಅದರ ಕೆಳಗೆ ಒಂದೊಂದು ದರವೂ ಎಡಕ್ಕೆ ತನ್ನ ಹೆಸರು, ಬಲಕ್ಕೆ ಅಂಕಿ ಎಂಬಂತೆ ತನ್ನದೇ ಸಾಲಿನಲ್ಲಿ ನಿಲ್ಲುತ್ತದೆ. ಪುಟ ಉದ್ದವಾಗುತ್ತದೆ, ಬೆರಳಿನಿಂದ ಸರಿಸಬೇಕಾಗುತ್ತದೆ, ಆದರೆ ಯಾವ ದರವೂ ತುಂಡಾಗುವುದಿಲ್ಲ. 340 ನನ್ನ ಪುಟದ ಗಡಿ. ನಿಮ್ಮ ಪುಟದಲ್ಲಿ ಅತಿ ಉದ್ದದ ಕನ್ನಡ ಪದ ಯಾವುದು, ಅತಿ ದೊಡ್ಡ ಸಂಖ್ಯೆ ಯಾವುದು ಎಂದು ಹುಡುಕಿ, ಇದೇ ರೀತಿ ಅಳೆದು ನಿಮ್ಮ ಗಡಿಯನ್ನು ನೀವೇ ಗೊತ್ತುಮಾಡಿಕೊಳ್ಳಬೇಕು.

ಕಂಪೋಸ್‌ನಲ್ಲಿ ಈ ಅಗಲವನ್ನು ತಿಳಿಯಲು 'ಬಾಕ್ಸ್ ವಿತ್ ಕನ್‌ಸ್ಟ್ರೇಂಟ್ಸ್' ಇದೆ. ಅದು ಪರದೆಯ ಅಗಲವನ್ನು ಹೇಳುವುದಿಲ್ಲ, ಆ ಘಟಕಕ್ಕೆ ಸಿಕ್ಕಿದ ಅಗಲವನ್ನು ಹೇಳುತ್ತದೆ. ನಮಗೆ ಬೇಕಾಗಿರುವುದೂ ಅದೇ, ಏಕೆಂದರೆ ಪರದೆಯನ್ನು ಎರಡು ಆ್ಯಪ್‌ಗಳಿಗೆ ಹಂಚಿಕೊಟ್ಟಾಗ ದೊಡ್ಡ ಟ್ಯಾಬ್ಲೆಟ್‌ನಲ್ಲೂ ನಮ್ಮ ಪಾಲಿಗೆ 400 ಡಿಪಿ ಮಾತ್ರ ಬರಬಹುದು. ಗುಂಡಿಗಳ ಸಾಲಿಗೆ 'ಫ್ಲೋ ರೋ' ಬಳಸಿದರೆ ಹಿಡಿಸದ ಗುಂಡಿ ತಾನಾಗಿ ಕೆಳಸಾಲಿಗೆ ಇಳಿಯುತ್ತದೆ. ಮಾರುಕಟ್ಟೆಗಳ ಜಾಲರಿಗೆ ಕಂಬಗಳ ಸಂಖ್ಯೆಯನ್ನು ಎರಡು, ಮೂರು ಎಂದು ಬರೆಯುವ ಬದಲು ಒಂದೊಂದು ಕೋಶದ ಕನಿಷ್ಠ ಅಗಲವನ್ನು 160 ಡಿಪಿ ಎಂದು ಕೊಟ್ಟರೆ, ಎಷ್ಟು ಹಿಡಿಸುತ್ತವೆಯೋ ಅಷ್ಟನ್ನು ಅದೇ ಲೆಕ್ಕಹಾಕಿ ಕೂರಿಸುತ್ತದೆ. ಎಕ್ಸ್‌ಎಂಎಲ್‌ನಲ್ಲೇ ಇರುವವರಿಗೆ 'ಕನ್‌ಸ್ಟ್ರೇಂಟ್ ಲೇಔಟ್' ಸಾಕಷ್ಟು ಸಮರ್ಥವಾಗಿದೆ. ಅದರಲ್ಲಿ ಅಗಲವನ್ನು ಸೊನ್ನೆ ಡಿಪಿ ಎಂದು ಬರೆದರೆ ಎರಡು ಕಟ್ಟುಗಳ ನಡುವಿನ ಜಾಗವನ್ನೆಲ್ಲ ಆ ಘಟಕ ತುಂಬಿಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ದೊಡ್ಡ ಪರದೆಗೆ ಬೇರೆ ಜೋಡಣೆ

ಒಂದು ಪುಟದೊಳಗಿನ ಹೊಂದಾಣಿಕೆ ಮುಗಿದ ಮೇಲೆ ಇಡೀ ಆ್ಯಪ್‌ನ ಜೋಡಣೆಯನ್ನು ಯೋಚಿಸಬೇಕು. ಇದಕ್ಕಾಗಿ ಆಂಡ್ರಾಯ್ಡ್ ಕಿಟಕಿಯ, ಅಂದರೆ ಪರದೆಯಲ್ಲಿ ಆ್ಯಪ್‌ಗೆ ಸಿಕ್ಕ ಜಾಗದ, ಅಗಲವನ್ನು ಮುಖ್ಯವಾಗಿ ಮೂರು ವರ್ಗ ಮಾಡಿದೆ. 600 ಡಿಪಿಗಿಂತ ಕಡಿಮೆಯದು 'ಕಾಂಪ್ಯಾಕ್ಟ್', 600ರಿಂದ 840ರೊಳಗಿನದು 'ಮೀಡಿಯಂ', 840 ಮತ್ತು ಅದಕ್ಕಿಂತ ಹೆಚ್ಚಿನದು 'ಎಕ್ಸ್‌ಪ್ಯಾಂಡೆಡ್'. ಎತ್ತರಕ್ಕೂ ಇದೇ ರೀತಿ 480 ಮತ್ತು 900 ಡಿಪಿಯ ಗಡಿಗಳಿವೆ. ಇದಕ್ಕೆ ಮೊದಲು 'ಎಸ್‌ಡಬ್ಲ್ಯೂ600ಡಿಪಿ' ಎಂಬಂಥ ಹೆಸರಿನ ಫೋಲ್ಡರ್‌ಗಳಲ್ಲಿ ಟ್ಯಾಬ್ಲೆಟ್ ಲೇಔಟ್ ಇಡುವ ಪದ್ಧತಿಯಿತ್ತು, 3.2 ಆವೃತ್ತಿಯಿಂದ ಅದು ಬಂದಿದೆ, ಈಗಲೂ ಕೆಲಸ ಮಾಡುತ್ತದೆ. ಹಳೆಯ ಎಕ್ಸ್‌ಎಂಎಲ್ ಆ್ಯಪ್ ಇದ್ದವರು ಅದನ್ನೇ ಮುಂದುವರಿಸಬಹುದು.

ನಮ್ಮ ಆ್ಯಪ್‌ನಲ್ಲಿ ಕಾಂಪ್ಯಾಕ್ಟ್ ಇದ್ದಾಗ ಮಾರುಕಟ್ಟೆಗಳ ಪಟ್ಟಿ ಒಂದು ಪುಟ, ದರ ಇನ್ನೊಂದು ಪುಟ, ಕೆಳಗಡೆ ನ್ಯಾವಿಗೇಶನ್ ಪಟ್ಟಿ. ಮೀಡಿಯಂ ಆದಾಗ ಕೆಳಗಿನ ಪಟ್ಟಿ ಎಡಬದಿಯ ಕಂಬವಾಗುತ್ತದೆ. ಎಕ್ಸ್‌ಪ್ಯಾಂಡೆಡ್ ಆದಾಗ ಎಡಕ್ಕೆ ಮಾರುಕಟ್ಟೆಗಳು, ಬಲಕ್ಕೆ ಆಯ್ದ ಮಾರುಕಟ್ಟೆಯ ದರ, ಹೀಗೆ ಎರಡೂ ಒಟ್ಟಿಗೆ ಕಾಣುತ್ತವೆ. 1200 ಅಡ್ಡ, 1920 ಉದ್ದ ಪಿಕ್ಸೆಲ್‌ನ, 240 ಸಾಂದ್ರತೆಯ ಟ್ಯಾಬ್ಲೆಟ್ ಒಂದನ್ನು ತೆಗೆದುಕೊಂಡರೆ ನಿಲ್ಲಿಸಿ ಹಿಡಿದಾಗ ಅದರ ಅಗಲ 800 ಡಿಪಿ, ಆಗ ಅದು ಮೀಡಿಯಂ. ಅಡ್ಡಲಾಗಿ ಹಿಡಿದಾಗ 1280 ಡಿಪಿ, ಆಗ ಎಕ್ಸ್‌ಪ್ಯಾಂಡೆಡ್. ಒಂದೇ ಉಪಕರಣ ಎರಡು ವರ್ಗಗಳಿಗೆ ಸೇರುವುದರಿಂದ 'ಇದು ಟ್ಯಾಬ್ಲೆಟ್ಟೇ?' ಎಂಬ ಪ್ರಶ್ನೆಯನ್ನು ಕೋಡ್‌ನಲ್ಲಿ ಕೇಳುವುದರಿಂದ ಉಪಯೋಗವಿಲ್ಲ.

ಅಗಲವನ್ನು ಮಾತ್ರ ನೋಡಿ ತೀರ್ಮಾನಿಸುವುದೂ ಅಪಾಯ. ಕಾರವಾರದ ಬೈತಖೋಲ್ ಬಂದರಿನಲ್ಲಿ ದೋಣಿಯವರಿಗಾಗಿ ಉಬ್ಬರ, ಇಳಿತದ ಸಮಯವನ್ನು ತೋರಿಸುವ ಇನ್ನೊಂದು ಆ್ಯಪ್ ಅನ್ನು ಪರೀಕ್ಷಿಸುವಾಗ ಇದನ್ನು ಕಲಿತೆ. ಚುಕ್ಕಾಣಿಯ ಪಕ್ಕ ಫೋನನ್ನು ಅಡ್ಡಲಾಗಿ ಸಿಕ್ಕಿಸಿಡುವುದು ಅಲ್ಲಿ ಅವರಿಗೆ ಅನುಕೂಲ. 1080 ಅಡ್ಡ, 2400 ಉದ್ದ ಪಿಕ್ಸೆಲ್‌ನ, 420 ಸಾಂದ್ರತೆಯ ಫೋನನ್ನು ಹಾಗೆ ಇಟ್ಟರೆ ಅಗಲ 914 ಡಿಪಿ ಆಗಿ ಎಕ್ಸ್‌ಪ್ಯಾಂಡೆಡ್ ವರ್ಗಕ್ಕೆ ಹೋಗುತ್ತದೆ, ಎತ್ತರ ಮಾತ್ರ 411 ಡಿಪಿ. ಟ್ಯಾಬ್ಲೆಟ್‌ಗೆಂದು ಮಾಡಿದ ಎರಡು ಭಾಗದ ಜೋಡಣೆ ಅಲ್ಲಿ ಬಂದು, ಮೇಲಿನ ಶೀರ್ಷಿಕೆಯೇ ಕಾಲುಭಾಗ ನುಂಗಿ, ಮುಖ್ಯವಾದ ಸಮಯದ ಸಾಲು ಪರದೆಯ ಕೆಳಗೆ ಹೋಗಿತ್ತು. ಈಗ ಎತ್ತರ 480 ಡಿಪಿಗಿಂತ ಕಡಿಮೆಯಿದ್ದರೆ ಶೀರ್ಷಿಕೆಯನ್ನು ಕುಗ್ಗಿಸಿ, ಮುಖ್ಯ ಅಂಕಿಯನ್ನು ಮೊದಲು ತೋರಿಸುತ್ತೇನೆ.

ಅಲ್ಲಿ ಕಂಡ ಮತ್ತೊಂದು ಸಂಗತಿ ಬೆರಳಿನದು. ಮುಟ್ಟುವ ಜಾಗ ಕನಿಷ್ಠ 48 ಡಿಪಿ ಇರಬೇಕೆಂಬುದು ಸಾಮಾನ್ಯ ನಿಯಮ. ಇಂಚಿಗೆ 160 ಡಿಪಿಯ ಲೆಕ್ಕದಲ್ಲಿ ಅದು ಸುಮಾರು 7.6 ಮಿಲಿಮೀಟರ್. ಒದ್ದೆ ಕೈ, ಅಲುಗುವ ದೋಣಿ, ನೇರ ಬಿಸಿಲು ಇವುಗಳ ನಡುವೆ ಅಷ್ಟು ಸಾಲದು. ಆ ಆ್ಯಪ್‌ನ ಮುಖ್ಯ ಗುಂಡಿಗಳನ್ನು 64 ಡಿಪಿಗೆ ಏರಿಸಿದ ಮೇಲೆ ತಪ್ಪು ಗುಂಡಿ ಒತ್ತುವ ದೂರುಗಳು ನಿಂತವು.

ಮಡಚುವ ಫೋನುಗಳಿಗೆ ಪ್ರತ್ಯೇಕವಾಗಿ ಏನೂ ಮಾಡದಿದ್ದರೂ ಈ ವರ್ಗಗಳೇ ಬಹುಪಾಲು ಕೆಲಸ ಮಾಡಿಬಿಡುತ್ತವೆ. ಮಡಿಕೆಯ ಗೆರೆಯ ಮೇಲೆ ಗುಂಡಿ ಬರದಂತೆ ನೋಡಿಕೊಳ್ಳಬೇಕೆಂದರೆ ಆಂಡ್ರಾಯ್ಡ್‌ನ ಜೆಟ್‌ಪ್ಯಾಕ್ ಸಂಗ್ರಹದ 'ವಿಂಡೋ ಮ್ಯಾನೇಜರ್' ಲೈಬ್ರರಿ ಆ ಗೆರೆ ಎಲ್ಲಿದೆ ಎಂದು ತಿಳಿಸುತ್ತದೆ.

ಐದನೆಯ ಹೆಜ್ಜೆ: ಚಿತ್ರಗಳು ಮತ್ತು ಸಾಂದ್ರತೆಯ ಫೋಲ್ಡರ್‌ಗಳು

ಸಾಂದ್ರತೆಗಳನ್ನು ಆಂಡ್ರಾಯ್ಡ್ ಕೆಲವು ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ: ಎಂಡಿಪಿಐ 160, ಎಚ್‌ಡಿಪಿಐ 240, ಎಕ್ಸ್‌ಎಚ್‌ಡಿಪಿಐ 320, ಎಕ್ಸ್‌ಎಕ್ಸ್‌ಎಚ್‌ಡಿಪಿಐ 480, ಎಕ್ಸ್‌ಎಕ್ಸ್‌ಎಕ್ಸ್‌ಎಚ್‌ಡಿಪಿಐ 640. ಎಂಡಿಪಿಐಯನ್ನು ಒಂದು ಎಂದಿಟ್ಟರೆ ಉಳಿದವು ಒಂದೂವರೆ, ಎರಡು, ಮೂರು, ನಾಲ್ಕು ಪಟ್ಟು. 48 ಡಿಪಿಯ ಐಕಾನ್ ಒಂದಕ್ಕೆ ಈ ಐದು ಫೋಲ್ಡರ್‌ಗಳಲ್ಲಿ ಕ್ರಮವಾಗಿ 48, 72, 96, 144 ಮತ್ತು 192 ಪಿಕ್ಸೆಲ್‌ನ ಪ್ರತಿಗಳು ಬೇಕು. ಫೋನಿನ ಸಾಂದ್ರತೆ 420ರಂತೆ ಮೆಟ್ಟಿಲುಗಳ ನಡುವೆ ಇದ್ದರೆ ವ್ಯವಸ್ಥೆ ಹತ್ತಿರದ ದೊಡ್ಡ ಪ್ರತಿಯನ್ನು ತೆಗೆದುಕೊಂಡು ಕುಗ್ಗಿಸಿ ತೋರಿಸುತ್ತದೆ.

ಗೆರೆ ಮತ್ತು ಬಣ್ಣದಿಂದಾದ ಐಕಾನ್‌ಗಳಿಗೆ ಇಷ್ಟೆಲ್ಲ ಪ್ರತಿಗಳ ಗೊಡವೆ ಬೇಡ. ಅವನ್ನು ವೆಕ್ಟರ್ ಚಿತ್ರಗಳಾಗಿ, ಅಂದರೆ ಪಿಕ್ಸೆಲ್ ಬದಲು ಗೆರೆಗಳ ಸೂತ್ರವಾಗಿ, ಇಟ್ಟರೆ ಒಂದೇ ಕಡತ ಎಲ್ಲ ಸಾಂದ್ರತೆಗಳಲ್ಲೂ ಸ್ಪಷ್ಟವಾಗಿ ಮೂಡುತ್ತದೆ. ಆಂಡ್ರಾಯ್ಡ್ 5ರಿಂದ ಈ ಸೌಲಭ್ಯವಿದೆ. ಆದರೆ 200 ಡಿಪಿಗಿಂತ ದೊಡ್ಡದಾದ, ಬಹಳ ಗೆರೆಗಳಿರುವ ಚಿತ್ರವನ್ನು ವೆಕ್ಟರ್ ಮಾಡಿದರೆ ಅದನ್ನು ಬಿಡಿಸಲು ಫೋನಿಗೆ ಹೊತ್ತು ಹಿಡಿಯುತ್ತದೆ. ಆ್ಯಪ್‌ನ ಮುಖ್ಯ ಐಕಾನ್ ಮಾತ್ರ ಬೇರೆ ನಿಯಮಕ್ಕೆ ಒಳಪಟ್ಟಿದೆ. ಆಂಡ್ರಾಯ್ಡ್ 8ರಿಂದ ಅದು 108 ಡಿಪಿಯ ಎರಡು ಪದರಗಳಾಗಿರುತ್ತದೆ, ನಡುವಿನ 66 ಡಿಪಿಯೊಳಗೆ ಇರುವುದಷ್ಟೇ ಯಾವ ಆಕಾರದ ಕತ್ತರಿಯಲ್ಲೂ ಉಳಿಯುತ್ತದೆ. ಅಡಿಕೆ ಗೊನೆಯ ಚಿತ್ರವನ್ನು ನಾನು ಅಂಚಿನವರೆಗೆ ಬಿಡಿಸಿದ್ದರಿಂದ ದುಂಡಗಿನ ಐಕಾನ್ ತೋರಿಸುವ ಫೋನುಗಳಲ್ಲಿ ಗೊನೆಯ ತುದಿಯೇ ಇರಲಿಲ್ಲ.

ಫೋಟೋಗಳ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ವಿವರವಾಗಿ ಹೇಳುತ್ತೇನೆ, ಇದನ್ನು ಮಾಡುವವರು ಬಹಳ ಜನ ಇರಬಹುದು. ಅಡಿಕೆಯ ಬಗೆಗಳನ್ನು ಗುರುತಿಸಲು ಅನುಕೂಲವಾಗಲೆಂದು 1600 ಅಡ್ಡ, 1200 ಉದ್ದ ಪಿಕ್ಸೆಲ್‌ನ ಆರು ಫೋಟೋಗಳನ್ನು 'ಡ್ರಾಯಬಲ್' ಎಂಬ ಬರಿ ಹೆಸರಿನ ಫೋಲ್ಡರ್‌ನಲ್ಲಿ ಹಾಕಿದ್ದೆ. ಹೆಸರಿನ ಮುಂದೆ ಸಾಂದ್ರತೆ ಇಲ್ಲದ ಆ ಫೋಲ್ಡರ್ ಅನ್ನು ಆಂಡ್ರಾಯ್ಡ್ ಎಂಡಿಪಿಐ ಎಂದೇ ಪರಿಗಣಿಸುತ್ತದೆ. ಹಾಗಾಗಿ 480 ಸಾಂದ್ರತೆಯ ಫೋನಿನಲ್ಲಿ ಅದು ಪ್ರತಿ ಫೋಟೋವನ್ನೂ ಮೂರು ಪಟ್ಟು ಹಿಗ್ಗಿಸಿ 4800 ಅಡ್ಡ, 3600 ಉದ್ದ ಮಾಡಿತು. ಪಿಕ್ಸೆಲ್ ಒಂದಕ್ಕೆ 4 ಬೈಟ್‌ನಂತೆ ಮೂಲದಲ್ಲಿ 7.68 ಎಂಬಿ ಸಾಕಾಗಿದ್ದ ಚಿತ್ರಕ್ಕೆ ಈಗ 69 ಎಂಬಿಗಿಂತ ಹೆಚ್ಚು ಮೆಮೊರಿ, ಆರೂ ಸೇರಿ 400 ಎಂಬಿ ದಾಟಿತು. 3 ಜಿಬಿ ರ‍್ಯಾಮ್ ಇರುವ ಫೋನುಗಳಲ್ಲಿ ಆ ಪುಟ ತೆರೆದೊಡನೆ ಆ್ಯಪ್ ಮುಚ್ಚಿಹೋಗುತ್ತಿತ್ತು. ಅಂಥ ಫೋಟೋಗಳನ್ನು 'ಡ್ರಾಯಬಲ್-ನೋಡಿಪಿಐ' ಫೋಲ್ಡರ್‌ಗೆ ಸರಿಸಿದರೆ ಹಿಗ್ಗಿಸುವ ಕೆಲಸ ನಿಲ್ಲುತ್ತದೆ. ತೋರಿಸುವ ಗಾತ್ರಕ್ಕೆ ತಕ್ಕಂತೆ ಫೋಟೋವನ್ನೇ ಮೊದಲು ಚಿಕ್ಕದು ಮಾಡಿ, ವೆಬ್‌ಪಿ ರೂಪದಲ್ಲಿ ಉಳಿಸಿಡುವುದು ಇನ್ನೂ ಒಳ್ಳೆಯದು.

ಎಲ್ಲ ಸಾಂದ್ರತೆಗಳ ಪ್ರತಿ ಇಟ್ಟರೆ ಆ್ಯಪ್ ಭಾರವಾಗುತ್ತದೆಂಬ ಹೆದರಿಕೆ ಈಗ ಬೇಕಿಲ್ಲ. ಆ್ಯಪ್ ಬಂಡಲ್ ರೂಪದಲ್ಲಿ ಪ್ಲೇ ಸ್ಟೋರ್‌ಗೆ ಹಾಕಿದರೆ ಆಯಾ ಫೋನಿಗೆ ಬೇಕಾದ ಪ್ರತಿಯಷ್ಟೇ ಇಳಿಯುತ್ತದೆ. ಘಟ್ಟದ ಕೆಳಗಿನ, ಮೇಲಿನ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವ ಒಂದು ದಿಬ್ಬವನ್ನು ಹುಡುಕಿಕೊಂಡು ಹೋಗಿ ಆ್ಯಪ್ ಇಳಿಸಿಕೊಳ್ಳುವವರಿದ್ದಾರೆ. ಅವರ ಮಟ್ಟಿಗೆ ಇದು ದೊಡ್ಡ ಉಪಕಾರ.

ಆರನೆಯ ಹೆಜ್ಜೆ: ಅಂಚುಗಳು, ಕೀಲಿಮಣೆ ಮತ್ತು ತಿರುಗಿಸುವಿಕೆ

ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟ ಆ್ಯಪ್‌ಗಳು ಆ ಆವೃತ್ತಿಯ ಫೋನುಗಳಲ್ಲಿ ಪರದೆಯ ಅಂಚಿನಿಂದ ಅಂಚಿಗೆ ಹರಡಿಕೊಳ್ಳುತ್ತವೆ. ಗಡಿಯಾರ, ಬ್ಯಾಟರಿ ಇರುವ ಮೇಲಿನ ಪಟ್ಟಿ, ಕ್ಯಾಮೆರಾದ ರಂಧ್ರ, ಕೆಳಗಿನ ಸನ್ನೆಯ ಗೆರೆ ಇವುಗಳ ಅಡಿಗೆ ನಮ್ಮ ಅಕ್ಷರ ನುಸುಳದಂತೆ 'ಇನ್‌ಸೆಟ್' ಅಳತೆಗಳನ್ನು ಕೇಳಿ ಪಡೆದು ಅಷ್ಟು ಜಾಗ ಬಿಡಬೇಕು. ಮೇಲೆ 24 ಡಿಪಿ ಇರುತ್ತದೆಂದು ಊಹಿಸಿ ಬರೆಯಬಾರದು. ಕೀಲಿಮಣೆಯೂ ಒಂದು ಇನ್‌ಸೆಟ್. ಕನ್ನಡ ಕೀಲಿಮಣೆ ತೆರೆದಾಗ ಅಡ್ಡ ಹಿಡಿದ ಫೋನಿನಲ್ಲಿ ಉಳಿಯುವ ಎತ್ತರ ಬಹಳ ಕಡಿಮೆ. ಆದ್ದರಿಂದ ಏನಾದರೂ ಬರೆಸಿಕೊಳ್ಳುವ ಪ್ರತಿ ಪುಟವೂ ಮೇಲೆ ಕೆಳಗೆ ಸರಿಯುವಂತಿರಬೇಕು.

ಫೋನು ತಿರುಗಿಸಿದಾಗ, ಮಡಚಿ ಬಿಚ್ಚಿದಾಗ, ಕಿಟಕಿಯ ಗಾತ್ರ ಬದಲಾದಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಪುಟವನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಮಾರಾಟದ ಲೆಕ್ಕ ಹಾಕುವ ಪುಟದಲ್ಲಿ ಹನ್ನೆರಡು ಚೀಲಗಳ ತೂಕವನ್ನು ಒಂದೊಂದಾಗಿ ತುಂಬಿದವರು ಫೋನನ್ನು ಒಮ್ಮೆ ಓರೆ ಮಾಡಿದ್ದಕ್ಕೆ ಎಲ್ಲವೂ ಅಳಿಸಿಹೋದರೆ ಅವರು ಮತ್ತೆ ನಮ್ಮ ಆ್ಯಪ್ ತೆರೆಯುವುದಿಲ್ಲ. ಬರೆದದ್ದನ್ನು, ಪುಟ ಹೊಸದಾಗಿ ಕಟ್ಟಿದರೂ ಉಳಿಸಿಕೊಳ್ಳುವ 'ರಿಮೆಂಬರ್ ಸೇವಬಲ್' ಅಥವಾ 'ವ್ಯೂಮಾಡೆಲ್'ನಲ್ಲಿ ಇಡಿ. ತೊಂದರೆಯೇ ಬೇಡವೆಂದು ಪರದೆಯನ್ನು ನಿಂತ ಸ್ಥಿತಿಗೆ ಕಟ್ಟಿಹಾಕುವ ಅಭ್ಯಾಸವನ್ನು ಬಿಡುವ ಕಾಲವೂ ಬಂದಿದೆ. ಆಂಡ್ರಾಯ್ಡ್ 16ನ್ನು ಗುರಿಯಾಗಿಟ್ಟ ಆ್ಯಪ್‌ಗಳಲ್ಲಿ, ಆಟಗಳನ್ನು ಬಿಟ್ಟರೆ, ಕಿರಿಯ ಬದಿ 600 ಡಿಪಿ ಅಥವಾ ಹೆಚ್ಚಿರುವ ಪರದೆಗಳಲ್ಲಿ ಆ ಕಟ್ಟನ್ನು ವ್ಯವಸ್ಥೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಏಳನೆಯ ಹೆಜ್ಜೆ: ಒಂದೇ ಫೋನಿನಲ್ಲಿ ಹಲವು ಪರದೆಗಳನ್ನು ಪರೀಕ್ಷಿಸುವುದು

ಹತ್ತು ಫೋನು ಕೊಳ್ಳಲು ನಮ್ಮಂಥವರಿಗೆ ಆಗದು, ಅದರ ಅಗತ್ಯವೂ ಇಲ್ಲ. 720 ಪಿಕ್ಸೆಲ್ ಅಗಲದ ಒಂದು ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ, ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಸಾಧನವಾದ ಎಡಿಬಿಯ ಶೆಲ್‌ನಲ್ಲಿ 'ಡಬ್ಲ್ಯೂಎಂ ಡೆನ್ಸಿಟಿ 360' ಎಂಬ ಆಜ್ಞೆ ಕೊಟ್ಟರೆ ಅದು 320 ಡಿಪಿಯ ಇಕ್ಕಟ್ಟಿನ ಪರದೆಯಾಗುತ್ತದೆ. ಅದೇ ಆಜ್ಞೆಯಲ್ಲಿ 192 ಎಂದರೆ 600 ಡಿಪಿ ಅಗಲವಾಗಿ, ಅಕ್ಷರಗಳು ಇರುವೆಯಷ್ಟು ಚಿಕ್ಕದಾಗಿ ಕಂಡರೂ ಮೀಡಿಯಂ ವರ್ಗದ ಜೋಡಣೆ ತೆರೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಸಂಖ್ಯೆಯ ಜಾಗದಲ್ಲಿ 'ರಿಸೆಟ್' ಎಂದು ಬರೆದು ಮೊದಲಿನಂತೆ ಮಾಡಲು ಮರೆಯಬಾರದು. ಅಕ್ಷರ ಪ್ರಮಾಣವನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲೇ ಬದಲಿಸಿ ಸಾಮಾನ್ಯ, 1.3 ಮತ್ತು ಆ ಫೋನು ಕೊಡುವ ಗರಿಷ್ಠ, ಈ ಮೂರರಲ್ಲಿ ನೋಡಿ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಗಾತ್ರ ಬದಲಿಸಬಹುದಾದ ಎಮ್ಯುಲೇಟರ್, ಅಂದರೆ ಕಂಪ್ಯೂಟರ್‌ನಲ್ಲಿ ಓಡುವ ನಕಲಿ ಫೋನು, ಇದೆ. ಕಂಪೋಸ್‌ನಲ್ಲಿ ಒಂದೇ ಘಟಕವನ್ನು ಹಲವು ಪರದೆಗಳಲ್ಲಿ, ಹಲವು ಅಕ್ಷರ ಪ್ರಮಾಣಗಳಲ್ಲಿ ಅಕ್ಕಪಕ್ಕ ತೋರಿಸುವ ಮುನ್ನೋಟವೂ ಇದೆ. ಕೋಡ್ ಬರೆಯುತ್ತಿರುವಾಗಲೇ ಆ ಮುನ್ನೋಟವನ್ನು ತೆರೆದಿಟ್ಟುಕೊಳ್ಳುವುದು ನನ್ನ ರೂಢಿ.

ಪರೀಕ್ಷೆಗೆ ಬಳಸುವ ಮಾಹಿತಿ ನಿಜವಾದದ್ದಾಗಿರಬೇಕು. 'ಅಬಕ', '123' ಎಂದು ತುಂಬಿದ ಪಟ್ಟಿ ಎಲ್ಲ ಪರದೆಗಳಲ್ಲೂ ಚೆನ್ನಾಗಿಯೇ ಕಾಣುತ್ತದೆ. 'ತಟ್ಟಿಬೆಟ್ಟೆ'ಯ ಎರಡು ಒತ್ತಕ್ಷರಗಳು ಮತ್ತು ಐದಂಕಿಯ ದರ ಒಂದೇ ಸಾಲಿನಲ್ಲಿ ಬಂದಾಗ ಮಾತ್ರ ಲೇಔಟ್‌ನ ಬಲ ತಿಳಿಯುತ್ತದೆ.

ಇಷ್ಟಾದರೂ ನಾವು ಎಣಿಸದ ಪರದೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅದಕ್ಕಾಗಿ ಆ್ಯಪ್‌ನ 'ನಮ್ಮ ಬಗ್ಗೆ' ಪುಟದ ಅಡಿಯಲ್ಲಿ ನಾಲ್ಕು ಸಂಖ್ಯೆಗಳ ಒಂದು ಸಾಲು ಸೇರಿಸಿದ್ದೇನೆ: ಕಿಟಕಿಯ ಅಗಲ ಮತ್ತು ಎತ್ತರ ಡಿಪಿಯಲ್ಲಿ, ಸಾಂದ್ರತೆ, ಅಕ್ಷರ ಪ್ರಮಾಣ. ಮುಟ್ಟಿದರೆ ಅದು ನಕಲಾಗುತ್ತದೆ. ಯಲ್ಲಾಪುರದ ಕಡೆಯಿಂದ ಯಾರಾದರೂ ವಾಟ್ಸಾಪ್‌ನಲ್ಲಿ ಕೆಟ್ಟು ಕಾಣುವ ಪುಟದ ಸ್ಕ್ರೀನ್‌ಶಾಟ್ ಕಳಿಸಿದಾಗ ಫೋನು ಯಾವ ಕಂಪನಿಯದೆಂದು ನಾನು ಕೇಳುವುದಿಲ್ಲ, ಆ ಸಾಲನ್ನು ಕಳಿಸಿ ಎನ್ನುತ್ತೇನೆ. ಅದು ಬಂದ ಐದು ನಿಮಿಷದಲ್ಲಿ ಅವರ ಪರದೆ ನನ್ನ ಮೇಜಿನ ಮೇಲಿನ ಎಮ್ಯುಲೇಟರ್‌ನಲ್ಲಿ ಇರುತ್ತದೆ.